ಪ್ರೇಮದ ಚಮಚ

ಪ್ರೇಮದ ಚಮಚ ಅಥವಾ ಲವ್‌ಸ್ಪೂನ್ ಎಂಬುದು ವೇಲ್ಸ್‌ನ ಯುವಕರು ತಮ್ಮ ಪ್ರೇಮವನ್ನೂ ವಿವಾಹದ ಇಚ್ಛೆಯನ್ನೂ ತಿಳಿಸಲು ಸ್ವತಃ ಕೆತ್ತಿ ಯುವತಿಯರಿಗೆ ನೀಡುತ್ತಿದ್ದ ಅಲಂಕೃತ ಮರದ ಚಮಚವಾಗಿದೆ. ಸ್ಕ್ಯಾಂಡಿನೇವಿಯಾದಲ್ಲಿಯೂ ಇದನ್ನು ಹೋಲುವ ಸಂಪ್ರದಾಯವಿತ್ತು.

ಇತಿಹಾಸ

ಊಟಕ್ಕೆ ಬಳಸುತ್ತಿದ್ದ ಸಾಮಾನ್ಯ ಮರದ ಚಮಚದಿಂದ ಈ ಕಲೆ ಬೆಳೆದುಬಂದಿತು. ಕಾರ್ಡಿಫ್ ಸಮೀಪದ ಸೇಂಟ್ ಫೇಗನ್ಸ್ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದಲ್ಲಿ 1667ನೆಯ ಇಸವಿಯನ್ನು ಕೆತ್ತಿರುವ ಚಮಚವೊಂದಿದೆ. ಯುವತಿಯು ಚಮಚವನ್ನು ಸ್ವೀಕರಿಸಿದರೆ ಅದನ್ನು ಆಕೆಯ ಒಲವಿನ ಸೂಚನೆಯೆಂದು ತಿಳಿಯಲಾಗುತ್ತಿತ್ತು. ಕೆತ್ತನೆಯ ನಯವು ಯುವಕನ ಕೈಗೆಲಸದ ಸಾಮರ್ಥ್ಯಕ್ಕೂ ಸಾಕ್ಷಿಯಾಗಿದ್ದುದರಿಂದ, ಆತನು ಸಂಸಾರವನ್ನು ನಿರ್ವಹಿಸಬಲ್ಲನೇ ಎಂಬುದನ್ನು ಹುಡುಗಿಯ ಮನೆಯವರು ಅದರಿಂದ ಊಹಿಸಬಹುದಾಗಿತ್ತು.

ರಚನೆ

ಚಮಚವನ್ನು ಸಾಮಾನ್ಯವಾಗಿ ಸಿಕಮೋರ್ ಮರದ ಒಂದೇ ತುಂಡಿನಿಂದ ಚಾಕುವಿನಲ್ಲಿ ಕೆತ್ತುತ್ತಿದ್ದರು. ಹಿಡಿಯಲ್ಲಿನ ಸರಪಳಿಯ ಕೊಂಡಿಗಳು ಮತ್ತು ಪಂಜರದೊಳಗೆ ಉರುಳುವ ಗುಂಡುಗಳು ಸಹ ಅದೇ ತುಂಡಿನಿಂದ ಬಿಡಿಸಿದವು. ಯಾವುದನ್ನೂ ಪ್ರತ್ಯೇಕವಾಗಿ ಮಾಡಿ ಜೋಡಿಸುತ್ತಿರಲಿಲ್ಲ. ಆದುದರಿಂದ ಒಂದು ಕೊಂಡಿ ಮುರಿದರೂ ಬಹುದಿನಗಳ ಶ್ರಮ ವ್ಯರ್ಥವಾಗುವ ಸಂಭವವಿತ್ತು.

ಸಂಕೇತಗಳು

ಮಾತಿನಲ್ಲಿ ಹೇಳಲು ಸಂಕೋಚಪಡುವುದನ್ನು ಚಿಹ್ನೆಗಳು ಸೂಚಿಸುತ್ತಿದ್ದವು. ಸಾಮಾನ್ಯವಾಗಿ ಅವುಗಳಿಗೆ ಈ ಅರ್ಥಗಳನ್ನು ಹೇಳಲಾಗುತ್ತದೆ:

• ಹೃದಯ – ಪ್ರೇಮ
• ಬೀಗದ ಕೈ ಅಥವಾ ಮನೆ – ಆಶ್ರಯ ಮತ್ತು ಭದ್ರತೆ
• ಚಕ್ರ – ಪ್ರಿಯತಮೆಗಾಗಿ ದುಡಿಯುವ ಸಂಕಲ್ಪ
• ಸರಪಳಿ – ನಿಷ್ಠೆ, ಬಿಡದ ಬಾಂಧವ್ಯ
• ಪಂಜರದ ಗುಂಡುಗಳು – ಬಯಸುವ ಮಕ್ಕಳ ಸಂಖ್ಯೆ

ಪ್ರಸ್ತುತ ಬಳಕೆ

ಇಂದು ಪ್ರೇಮದ ಚಮಚಗಳನ್ನು ಹೆಚ್ಚಾಗಿ ವೃತ್ತಿಪರ ಕುಶಲಕರ್ಮಿಗಳು ತಯಾರಿಸುತ್ತಾರೆ. ವಿವಾಹ, ವಾರ್ಷಿಕೋತ್ಸವ ಮತ್ತು ಮಗುವಿನ ಜನನದ ಸಂದರ್ಭಗಳಲ್ಲಿ ಇವುಗಳನ್ನು ಉಡುಗೊರೆಯಾಗಿ ನೀಡಲಾಗುತ್ತದೆ. ವೇಲ್ಸ್‌ಗೆ ಭೇಟಿ ನೀಡುವ ಪ್ರವಾಸಿಗರು ಸ್ಮರಣಿಕೆಯಾಗಿಯೂ ಇವುಗಳನ್ನು ಕೊಳ್ಳುತ್ತಾರೆ.