ಕೌಡೂರಿನ ನ್ಯಾಯಮೂರ್ತಿ

ಕಾರ್ಕಳ ಸೀಮೆಯ ಕೌಡೂರಿನಲ್ಲಿ 1909ರ ಜೂನ್ 11ರಂದು ಜನಿಸಿದ ಸದಾನಂದ ಹೆಗ್ಡೆಯವರು ಸಂಸತ್ತು, ನ್ಯಾಯಪೀಠ ಎರಡರ ಭಾರವನ್ನೂ ಹೊತ್ತವರು. ದಕ್ಷಿಣ ಕನ್ನಡ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿನಲ್ಲಿ ಓದಿ, ಮದರಾಸಿನಲ್ಲಿ ಕಾನೂನು ಕಲಿತು, ಊರ ಕಡೆಗೇ ಮರಳಿ ವಕೀಲಿ ಆರಂಭಿಸಿದರು. 1952ರಲ್ಲಿ ದೇಶದ ಮೊದಲ ರಾಜ್ಯಸಭೆ ಕೂಡಿದಾಗ ಕಾಂಗ್ರೆಸ್ಸಿನ ಸದಸ್ಯರಾಗಿ ಅದನ್ನು ಪ್ರವೇಶಿಸಿದರು. 1957ರಲ್ಲಿ ಆ ಸ್ಥಾನವನ್ನು ತೊರೆದು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ದೆಹಲಿ ಹೈಕೋರ್ಟು ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. ಮರುವರ್ಷ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ.

ಅಧಿಕಾರದ ಒಳಹೊರಗನ್ನು ಬಲ್ಲವರಾದ್ದರಿಂದಲೇ ಅದಕ್ಕೆ ಮೇರೆ ಬೇಕೆಂಬುದನ್ನೂ ಅವರು ಬಲ್ಲರು. 1969ರ ಕ್ರೈಪಾಕ್ ಮೊಕದ್ದಮೆಯನ್ನೇ ನೋಡಿ. ಜಮ್ಮು-ಕಾಶ್ಮೀರದಿಂದ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ, ಸ್ವತಃ ಅಭ್ಯರ್ಥಿಯಾಗಿದ್ದ ಅಧಿಕಾರಿಯೊಬ್ಬರೂ ಇದ್ದರು. ತಮ್ಮ ಹೆಸರು ಬಂದಾಗ ಅವರು ಹೊರಗುಳಿದರು, ನಿಜ. ಆದರೆ ಪ್ರತಿಸ್ಪರ್ಧಿಗಳನ್ನು ತೂಗುವಾಗ ಒಳಗೇ ಇದ್ದರು. ಹೆಗ್ಡೆಯವರು ಬರೆದ ತೀರ್ಪು ಆ ಆಯ್ಕೆಯನ್ನು ರದ್ದುಗೊಳಿಸಿತು. ಸಹಜ ನ್ಯಾಯದ ಕಟ್ಟಳೆ ಕೋರ್ಟಿಗಷ್ಟೇ ಅಲ್ಲ, ಸರ್ಕಾರಿ ಕಚೇರಿಗೂ ಸಲ್ಲುತ್ತದೆಂದು ಸಾರಿತು.

ಅದೇ ಮೇರೆಯ ಪ್ರಶ್ನೆ ಮುಂದೆ ದೇಶದ ಸಂವಿಧಾನಕ್ಕೇ ಬಂದೊದಗಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾಯ್ದೆಯನ್ನು ಪ್ರಶ್ನಿಸಿ 1970ರಲ್ಲಿ ಹೂಡಿದ ದಾವೆ 13 ನ್ಯಾಯಮೂರ್ತಿಗಳ ಪೀಠದೆದುರು 68 ದಿನ ನಡೆಯಿತು. 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ಹೊರಬಿತ್ತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು. ಹೆಗ್ಡೆಯವರು ಬಹುಮತದ ಕಡೆಯಿದ್ದರು.

ಮರುದಿನವೇ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾದರು. ಇಂದಿರಾ ಗಾಂಧಿಯವರ ಸರ್ಕಾರವು ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಬದಿಗೊತ್ತಿ ಎ. ಎನ್. ರೇ ಅವರಿಗೆ ಪಟ್ಟ ಕಟ್ಟಿತು. ಮೂವರೂ ರಾಜೀನಾಮೆಯಿತ್ತು ಹೊರನಡೆದರು. ಹಿರಿತನವನ್ನು ಮನ್ನಿಸಿದ್ದರೆ, ಜುಲೈಯಲ್ಲಿ ಶೇಲತ್ ನಿವೃತ್ತರಾದ ಬಳಿಕ ಆ ಪೀಠ ಹೆಗ್ಡೆಯವರಿಗೆ ಸಲ್ಲಬೇಕಿತ್ತು.

ತುರ್ತು ಪರಿಸ್ಥಿತಿಯ ನಂತರ, 1977ರಲ್ಲಿ, ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಸ್ಪರ್ಧಿಸಿದರು. ಕರ್ನಾಟಕದ 28 ಸ್ಥಾನಗಳಲ್ಲಿ ಆ ಪಕ್ಷಕ್ಕೆ ದಕ್ಕಿದ್ದು ಎರಡೇ, ಅವುಗಳಲ್ಲೊಂದು ಅವರದು. ಅದೇ ಜುಲೈಯಲ್ಲಿ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಲು ತೆರವು ಮಾಡಿದ ಲೋಕಸಭಾಧ್ಯಕ್ಷ ಪೀಠಕ್ಕೆ ಹೆಗ್ಡೆಯವರು ಬಂದರು. 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಮಗ ಸಂತೋಷ್ ಹೆಗ್ಡೆ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಕರ್ನಾಟಕದ ಲೋಕಾಯುಕ್ತರೂ ಆದರು.

1990ರ ಮೇ 24ರಂದು ಸದಾನಂದ ಹೆಗ್ಡೆಯವರು ತೀರಿಕೊಂಡರು. ದೇಶದ ಅತ್ಯುನ್ನತ ನ್ಯಾಯಪೀಠ ಅವರ ಕೈತಪ್ಪಿತು, ದಿಟ. ಆದರೆ ಅವರೂ ಸೇರಿ ಎತ್ತಿಹಿಡಿದ ಮೂಲ ಸ್ವರೂಪದ ಸಿದ್ಧಾಂತ ಇಂದಿಗೂ ಈ ದೇಶದ ಪ್ರತಿ ಸಂವಿಧಾನ ತಿದ್ದುಪಡಿಗೆ ಒರೆಗಲ್ಲು.