ಒಂದು ಎಂಜಿನ್ನು, ಎರಡು ಜನ್ಮದಿನ: ಹಳೇ ಫೋರ್ಡಿನ ವಯಸ್ಸು ಓದೋದು ಹೇಗೆ?

1️⃣ ಬೋರ್ಡಿನ ಮೇಲಿರೋ ಇಸವಿ
ವಿಂಟೇಜ್ ಕಾರ್ ರ‍್ಯಾಲಿಗೆ ಹೋದ್ರೆ ಕಾರಿನ ಮುಂದೆ ಒಂದು ಬೋರ್ಡ್ ಇರುತ್ತೆ: "ಫೋರ್ಡ್ ಮಾಡೆಲ್ ಟಿ, 1915". ನಾವು ಫೋಟೋ ತೆಗೀತೀವಿ, ಸ್ಟೋರಿ ಹಾಕ್ತೀವಿ, ಮುಗೀತು. ಆದರೆ ಹಿಸ್ಟರಿ ಓದೋರು ಒಂದು ಪ್ರಶ್ನೆ ಕೇಳಲೇಬೇಕು. ಆ 1915 ಅಂತ ಹೇಳಿದ್ದು ಯಾರು? ಬಣ್ಣ ಹೊಸದು, ಸೀಟು ಹೊಸದು, ಟೈರಂತೂ ಹೊಸದೇ. ನೂರು ವರ್ಷದ ಹಿಂದಿನ ಮಾತು ಹೇಳೋಕೆ ಆ ಕಾರಿನಲ್ಲಿ ಉಳಿದಿರೋ ಮುಖ್ಯ ಸಾಕ್ಷಿ ಎಂಜಿನ್ನು. ಈ ಸಲದ ಸರಣಿ ಅದರ ಬಗ್ಗೆ. ಸ್ವೈಪ್ ಮಾಡ್ತಾ ಬನ್ನಿ 👉

2️⃣ ಮಾಡೆಲ್ ಟಿ ಯಾಕೆ?
ಯಾಕಂದ್ರೆ ಕಲಿಯೋಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. 1908ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶುರುವಾಗಿ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ತಯಾರಾದವು. ಅಷ್ಟೂ ವರ್ಷ ಎಂಜಿನ್ನಿನ ಮೂಲ ವಿನ್ಯಾಸ ಒಂದೇ: ನಾಲ್ಕು ಸಿಲಿಂಡರು, 2.9 ಲೀಟರು, ಸುಮಾರು 20 ಅಶ್ವಶಕ್ತಿ. ದೂರದಿಂದ ನೋಡಿದ್ರೆ 1912ರದ್ದೂ 1922ರದ್ದೂ ಅಣ್ಣತಮ್ಮಂದಿರ ಥರ ಇರ್ತವೆ. ಹಾಗಾಗಿ ಹತ್ತಿರ ಹೋಗಿಯೇ ನೋಡಬೇಕು.

3️⃣ ಮೊದಲ ಸಾಕ್ಷಿ: ಪಂಚ್ ಹೊಡೆದ ನಂಬರು
ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದಾಗ ಎಂಜಿನ್ನಿನ ಎಡಬದಿ. ರೇಡಿಯೇಟರಿನಿಂದ ನೀರು ಒಳಗೆ ಬರೋ ಜಾಗದ ಸ್ವಲ್ಪ ಮೇಲೆ ಚಿಕ್ಕದೊಂದು ಸಪಾಟಾದ ಜಾಗ ಇರುತ್ತೆ. ನಂಬರ್ ಹೊಡೆದಿರೋದು ಅಲ್ಲೇ. ಮಾಡೆಲ್ ಟಿ ಕಾಲದಲ್ಲಿ ಈ ಎಂಜಿನ್ ನಂಬರೇ ಕಾರಿನ ಗುರುತು. ಫೋರ್ಡ್ ಕಂಪನಿ ಯಾವ ನಂಬರು ಯಾವತ್ತು ಬಂತು ಅಂತ ಲೆಕ್ಕ ಇಟ್ಟಿತ್ತು. ಹಾಗಾಗಿ ನಂಬರ್ ಸಿಕ್ಕರೆ ಎಂಜಿನ್ ಜೋಡಿಸಿದ ಕಾಲವೂ ಸಿಗುತ್ತೆ.
ಒಂದೂವರೆ ಕೋಟಿಯ ಗಡಿಯನ್ನ ಚೆನ್ನಾಗಿ ದಾಟಿದ ನಂಬರ್ ಕಂಡ್ರೆ ಎಚ್ಚರ! ಕಾರು ನಿಂತ ಮೇಲೂ 1941ರವರೆಗೆ ಫೋರ್ಡ್ ಈ ಎಂಜಿನ್ನನ್ನ ಮಾತ್ರ ಮಾಡ್ತಾ ಇತ್ತು. ಅಂಥ ನಂಬರಿನ ಎಂಜಿನ್ನು ಆ ಕಾರಿನ ಜೊತೆ ಹುಟ್ಟಿದ್ದಲ್ಲ, ಆಮೇಲೆ ಬಂದು ಸೇರಿದ್ದು.

4️⃣ ಎರಡನೇ ಸಾಕ್ಷಿ: ಎರಕದ ತಾರೀಖು
ಬಹಳಷ್ಟು ಬ್ಲಾಕ್‌ಗಳ ಮೇಲೆ ಉಬ್ಬಿದ ಅಂಕಿಗಳಲ್ಲಿ ಇನ್ನೊಂದು ತಾರೀಖು ಇರುತ್ತೆ. ಕಬ್ಬಿಣ ಎರಕ ಹೊಯ್ದ ದಿನ ಅದು. ಓದುವಾಗ ಹುಷಾರು, ಅಮೆರಿಕದವರು ತಿಂಗಳು ಮೊದಲು ಬರೀತಾರೆ. "8 5 22" ಅಂತಿದ್ರೆ 1922ರ ಆಗಸ್ಟ್ 5, ನಮ್ಮ ಲೆಕ್ಕದ ಮೇ 8 ಅಲ್ಲ.
ಪಂಚ್ ಹೊಡೆದ ನಂಬರನ್ನ ಅರ ಹಾಕಿ ಉಜ್ಜಿ ಬೇರೆ ಹೊಡೀಬಹುದು. ಆದರೆ ಎರಕದ ಅಂಕಿ ಕಬ್ಬಿಣದ ಜೊತೆಗೇ ಹುಟ್ಟಿದ್ದು. ಉಜ್ಜಿ ಅಳಿಸಬಹುದೇ ಹೊರತು ಹೊಸದಾಗಿ ಉಬ್ಬಿಸೋದು ಸುಲಭ ಇಲ್ಲ.

5️⃣ ಎರಡೂ ಸಾಕ್ಷಿ ಎದುರುಬದುರು
ಎರಕ ಮೊದಲು, ನಂಬರ್ ಆಮೇಲೆ. ಇದೇ ಸರಿಯಾದ ಕ್ರಮ. ನಂಬರ್ 1915 ಅಂತಿದ್ದು ಎರಕ 1922 ಅಂತಿದ್ರೆ? ಹುಟ್ಟೋಕೆ ಮುಂಚೆ ನಾಮಕರಣ ಆದ ಹಾಗೆ! ಬ್ಲಾಕ್ ಒಡೆದಾಗ ಹೊಸ ಬ್ಲಾಕ್ ಹಾಕಿ, ದಾಖಲೆಗೋಸ್ಕರ ಹಳೇ ನಂಬರನ್ನೇ ಅದರ ಮೇಲೆ ಹೊಡೆದಿರಬಹುದು. ಅದು ಪ್ರಾಮಾಣಿಕ ರಿಪೇರಿ. ಅಥವಾ ಬೆಲೆ ಏರಿಸೋಕೆ ಯಾರೋ ಮಾಡಿದ ಕೈಚಳಕವೂ ಇರಬಹುದು.
ಕ್ಲಾಸಿನಲ್ಲಿ ಕೂಟಶಾಸನದ ಪಾಠ ನೆನಪಿದೆಯಾ? ತಾಮ್ರಪಟ ಹೇಳೋ ಕಾಲ ಒಂದು, ಅದರ ಲಿಪಿಯ ಕಾಲ ಇನ್ನೊಂದು. ಶಾಸನತಜ್ಞರು ಆಗ ಲಿಪಿಯನ್ನ ನಂಬ್ತಾರೆ. ಇಲ್ಲೂ ಅದೇ ನ್ಯಾಯ. ಹೇಳಿಕೆ ಬದಲಾಯಿಸಬಹುದು, ಕೈಬರಹದ ಕಾಲ ಬದಲಾಯಿಸೋದು ಕಷ್ಟ.

6️⃣ ಪಕ್ಕದ ಸಾಕ್ಷಿಗಳು
ನಂಬರೂ ತಾರೀಖೂ ಸವೆದು ಹೋಗಿದ್ರೆ ಆಕಾರ ನೋಡಿ.
🔹 ನೀರಿನ ಪಂಪ್ ಇದ್ದದ್ದು ಮೊದಲ ಸುಮಾರು 2,500 ಕಾರುಗಳಲ್ಲಿ ಮಾತ್ರ. ಆಮೇಲೆ ಬಿಸಿನೀರು ತಾನೇ ಮೇಲೇರಿ, ತಣ್ಣಗಾಗಿದ್ದು ಕೆಳಗಿಳಿಯೋ ವ್ಯವಸ್ಥೆ ಬಂತು. (ಆದರೆ ಹೊರಗಿನ ಕಂಪನಿಗಳ ಪಂಪನ್ನ ಆಮೇಲೆ ಹಾಕಿಸಿಕೊಂಡೋರೂ ಇದ್ದರು!)
🔹 ಶುರುವಿನ ಎಂಜಿನ್‌ಗಳಲ್ಲಿ ವಾಲ್ವಿನ ಭಾಗ ಹೊರಗೇ ಕಾಣುತ್ತೆ. 1911ರಲ್ಲಿ ಅದಕ್ಕೆ ಮುಚ್ಚಳ ಬಂತು.
🔹 1917ರ ಮಾಡೆಲ್‌ನಿಂದ ಸಿಲಿಂಡರ್ ಹೆಡ್ ಎತ್ತರ ಆಯ್ತು. ಆದರೆ ಹೆಡ್ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಅದೊಂದನ್ನೇ ನಂಬಬೇಡಿ.
🔹 ಎಲೆಕ್ಟ್ರಿಕ್ ಸ್ಟಾರ್ಟರ್ ಬಂದದ್ದು 1919ರಲ್ಲಿ. ಅಲ್ಲೀವರೆಗೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್ಲೇ ಗತಿ.

7️⃣ ಎಲ್ಲಿಂದ ಬಂತು? "ಸಿ" ಅಕ್ಷರ ಹುಡುಕಿ
ಈಗ ನಮ್ಮ ದೇಶದ ಕಥೆ. ಬ್ರಿಟನ್ ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ದೇಶಗಳಿಗೆ ಫೋರ್ಡ್ ಮಾರೋ ಹಕ್ಕು ಇದ್ದದ್ದು 1904ರಲ್ಲಿ ಶುರುವಾದ ಕೆನಡಾದ ಫೋರ್ಡ್ ಕಂಪನಿಗೆ. 1926ರಲ್ಲಿ ಬಾಂಬೆಯಲ್ಲಿ ಶುರುವಾದ ಫೋರ್ಡ್ ಇಂಡಿಯಾ ಕೂಡ ಅದರ ಕೂಸೇ. 1913ರಿಂದ ಕೆನಡಾದ ಎಂಜಿನ್ ನಂಬರಿನ ಮುಂದೆ ಇಂಗ್ಲಿಷಿನ "ಸಿ" ಅಕ್ಷರ ಇರುತ್ತೆ. ಅವರ ನಂಬರ್ ಸಾಲೇ ಬೇರೆ. ಅದನ್ನ ಅಮೆರಿಕದ ಪಟ್ಟಿಯಲ್ಲಿಟ್ಟು ನೋಡಿದ್ರೆ ಇಸವಿ ಪೂರಾ ತಪ್ಪಾಗುತ್ತೆ.
ಇಲ್ಲಿನ ಹಳೇ ಟಿ ಕಾರಿನಲ್ಲಿ "ಸಿ" ಇದ್ರೆ ದಾರಿ ಸಹಜ. ಇಲ್ಲದಿದ್ರೆ ಅದು ಬೇರೆ ದಾರೀಲಿ ಬಂತಾ, ಎಂಜಿನ್ ಬದಲಾಯ್ತಾ ಅಂತ ಕೇಳಬೇಕು.

8️⃣ ಇದೆಲ್ಲ ಯಾಕೆ ಬೇಕು?
2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಹೊಸ ನಿಯಮ ತಂತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರಬೇಕು. ಆಗ "ವಿಎ" ಅಕ್ಷರಗಳ ನಂಬರ್ ಪ್ಲೇಟ್ ಸಿಗುತ್ತೆ. ಅಂದ್ರೆ "ಮೂಲ" ಅನ್ನೋ ಮಾತಿಗೆ ಈಗ ಕಾನೂನಿನ ತೂಕ ಇದೆ, ಮಾರುಕಟ್ಟೇಲಿ ಬೆಲೆಯೂ ಇದೆ. ಬೆಲೆ ಬಂದ ಕಡೆ ಕೂಟಶಾಸನವೂ ಬರುತ್ತೆ.
ಹಾಗಂತ ಬ್ಲಾಕ್ ಬದಲಾದ ಕಾರು ಸುಳ್ಳು ಕಾರಲ್ಲ. 1915ರಲ್ಲಿ ಬಂದು, ಎಂಜಿನ್ ಒಡೆದು, ಹೊಸದು ಹಾಕಿಸಿಕೊಂಡು ಮತ್ತೆ ಓಡಿದ ಕಾರು ಅಂತ ಬೋರ್ಡಿನಲ್ಲಿ ಬರೆದ್ರೆ ಅದೇ ಪೂರ್ತಿ ಚರಿತ್ರೆ. ಆ ರಿಪೇರಿಯನ್ನ ಮುಚ್ಚಿಟ್ಟಾಗ ಮಾತ್ರ ಸುಳ್ಳಾಗುತ್ತೆ.

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂಗೋ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರ್ ಮ್ಯೂಸಿಯಂಗೋ ಹೋದಾಗ ಬಾನೆಟ್ ತೆರೆದಿರೋ ಕಾರು ಕಂಡ್ರೆ ಸೆಲ್ಫಿಗೆ ಮುಂಚೆ ಒಂದು ನಿಮಿಷ ಬಗ್ಗಿ ನೋಡಿ. ಮುಟ್ಟಬೇಡಿ, ಓದಿ. ನಂಬರೋ ಎರಕದ ಅಂಕಿಯೋ ಕಂಡ್ರೆ ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಬಿಡಿಸೋಣ 👇

#ಹಳೇಕಾರು #ಮಾಡೆಲ್‌ಟಿ #ಇತಿಹಾಸಕನ್ನಡದಲ್ಲಿ