ಹೊನ್ನಾವರದ ತಿಮ್ಮೋಜ

ಕ್ರಿ.ಶ. 1505ರ ಅಕ್ಟೋಬರ್ ತಿಂಗಳು. ಶರಾವತಿಯ ಅಳಿವೆಯಲ್ಲಿ ಹಡಗುಗಳು ಉರಿಯುತ್ತಿದ್ದವು. ಹೊನ್ನಾವರದವರು ತನ್ನನ್ನು ತಕ್ಕಂತೆ ಬರಮಾಡಿಕೊಳ್ಳಲಿಲ್ಲವೆಂದು ಮುನಿದ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಬಂದರಿಗೆ ಬೆಂಕಿಯಿಡಿಸಿದ್ದ. ಆ ಕಾಳಗದಲ್ಲಿ ಊರಿನವರ ಬಾಣವೊಂದು ಅವನ ಕಾಲಿಗೂ ನಾಟಿತ್ತು. ಗೆದ್ದವನು, ಮೇಲೆ ಗಾಯಗೊಂಡವನು. ಇಂಥವನೊಡನೆ ಸಂಧಾನ ಸುಲಭವೇ? ಆದರೂ ಒಬ್ಬನು ಬಂದು ಎದುರಿಗೆ ನಿಂತ. ಅವನೇ ತಿಮ್ಮೋಜ.

ಪೋರ್ಚುಗೀಸರ ಬರಹಗಳಲ್ಲಿ ಇವನ ಹೆಸರು ‘ತಿಮೋಜ’. ವಿಜಯನಗರಕ್ಕೆ ಅಧೀನನಾದ ಹೊನ್ನಾವರದ ಅರಸನಿಗೆ ಇವನೇ ನೌಕಾಬಲ. ದಾರಿಹೋಕ ಹಡಗುಗಳನ್ನು ಸುಲಿಯುವುದೂ ಇವನ ಕಸುಬೇ. ಕಡಲುಗಳ್ಳನೆಂದು ಹಳಿದ ಪರಂಗಿಯವರೇ ಇವನ ಗಂಭೀರವಾದ ರೂಪವನ್ನು ಮೆಚ್ಚಿ ಬರೆದಿದ್ದಾರೆ. ಸುಟ್ಟ ಹಡಗುಗಳಲ್ಲಿ ಕೆಲವು ಅವನವೇ ಆಗಿದ್ದವು. ಆ ಮಾತೆತ್ತದೆ, ಅರಸನ ಪರವಾಗಿ ಕ್ಷಮೆ ಕೇಳಿ, ಪೋರ್ಚುಗಲ್ಲಿಗೆ ಅಧೀನರಾಗಿ ನಡೆಯುವೆವೆಂದು ಒಪ್ಪಿಕೊಂಡ. ಕ್ರಿ.ಪೂ. 335ರಲ್ಲಿ ಥೀಬ್ಸ್ ನಗರವನ್ನು ನೆಲಸಮ ಮಾಡಿದ ಅಲೆಕ್ಸಾಂಡರನ ಬಳಿಗೆ ಅಥೆನ್ಸಿನ ದೂತನಾಗಿ ಹೋದ ದೆಮಾದೀಸನ ಪಾಡೂ ಇದೇ ಅಲ್ಲವೆ? ನಾಲಗೆಯೊಂದೇ ಆಯುಧ.

ಅಥೆನ್ಸಿಗೆ ಥೀಬ್ಸ್ ಇದ್ದಂತೆ ಹೊನ್ನಾವರಕ್ಕೆ ಭಟ್ಕಳದ ಪಾಠವಿತ್ತು. 1502ರಲ್ಲಿ ವಾಸ್ಕೊ ಡ ಗಾಮ ಅಲ್ಲಿ ದಾಳಿಮಾಡಿ, ವರ್ಷಕ್ಕೆ ನಾವಿಕರಿಗೆ 1000 ಹೇರು ಅಕ್ಕಿ, ಕಪ್ತಾನರಿಗೆ 500 ಹೇರು ಉತ್ತಮ ಅಕ್ಕಿ ಎಂದು ಕಪ್ಪ ಕಟ್ಟಿಸಿದ್ದ. (ಅಕ್ಕಿಯಲ್ಲಿ ಮೇಲುಕೀಳು ಅರಿಯಲು ಪರಂಗಿಯವರಿಗೆ ಬಹಳ ದಿನ ಹಿಡಿಯಲಿಲ್ಲ!) ಮೆಣಸಿನ ವ್ಯಾಪಾರ ಕೂಡದೆಂಬ ಕರಾರು ಬೇರೆ.

ಇಲ್ಲಿಗೆ ನಿಂತಿದ್ದರೆ ತಿಮ್ಮೋಜನನ್ನು ಊರು ಕಾಯ್ದವನೆಂದು ನೆನೆಯಬಹುದಿತ್ತು. ಆದರೆ 1510ರಲ್ಲಿ ಅಲ್ಬುಕರ್ಕನನ್ನು ಕಂಡು, ಬಿಜಾಪುರದ ಆಳ್ವಿಕೆಗೆ ಗೋವೆಯ ಜನ ಬೇಸತ್ತಿದ್ದಾರೆ, ಇದೇ ಸಮಯ ಎಂದು ದಾರಿ ತೋರಿದವನೂ ಅವನೇ. ಗೋವೆ ತನಗೆ ಸಿಕ್ಕೀತು, ಕಪ್ಪ ಕೊಟ್ಟುಕೊಂಡು ಆಳುವೆ ಎಂಬುದು ಅವನ ಲೆಕ್ಕ. ದೊರೆತದ್ದು ಕಂದಾಯ ವಸೂಲಿಯ ಅಧಿಕಾರ ಮಾತ್ರ. ದ್ರೋಹಿಯೆನ್ನುವವರು 1505ರ ಶರಣಾಗತಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಅಂದು ಊರಿಗಾಗಿ ಮಾತಾಡಿದವನು ಇಂದು ತನಗಾಗಿ ಮಾತಾಡಿದ.

ಮೇ ತಿಂಗಳಲ್ಲಿ ಗೋವೆ ಪೋರ್ಚುಗೀಸರ ಕೈತಪ್ಪಿತು. ನವೆಂಬರಿನಲ್ಲಿ ಅಲ್ಬುಕರ್ಕ್ ಹೊನ್ನಾವರಕ್ಕೆ ಬಂದಾಗ ತಿಮ್ಮೋಜನಿಗೆ ಗೇರುಸೊಪ್ಪೆಯ ರಾಣಿಯ ಮಗಳೊಡನೆ ಮದುವೆ. ಮದುವೆಮನೆಯಲ್ಲೇ ಯುದ್ಧದ ಆಲೋಚನೆ! ಆ ತಿಂಗಳ 25ರಂದು ಗೋವೆ ಮತ್ತೆ ಬಿದ್ದಿತು. ಆಮೇಲೆ ವಸೂಲಿಯ ಅಧಿಕಾರವೂ ಹೊನ್ನಾವರದ ರಾಜವಂಶದ ಮಲ್ಹಾರರಾಯನ ಪಾಲಾಯಿತು. 1511ರಲ್ಲಿ ಬಿಜಾಪುರದ ಸೇನೆಗೆ ಸೋತು ಇಬ್ಬರೂ ವಿಜಯನಗರಕ್ಕೆ ಓಡಿದರು. ಮಲ್ಹಾರರಾಯ ಮರಳಿ ಬಂದು ಹೊನ್ನಾವರದ ಅರಸನಾದ. ತಿಮ್ಮೋಜ ಅಲ್ಲಿಯೇ ತೀರಿಕೊಂಡ.